ಯಾರದೂ ಹರಕತ್ತಿಲ್ಲ

ಖರಾಡಿ, ಪುಣೆ
3 ಜೂನ್ 2024

ಬಸವಲಿಂಗ ಅವರಿಗೆ,

ಕಾಕಾ ಅಂತ ಬರೀಬೇಕಂತ ಪೆನ್ನು ಹಿಡಿದೆ. ಕೈ ಬರಲಿಲ್ಲ, ಅದಕ್ಕ ಹೆಸರ ಬರದೀನಿ.

ನಮ್ಮಪ್ಪ ರಾಮಲಿಂಗಪ್ಪ ಸತ್ತು ಮೂರು ತಿಂಗಳಾತು. ಈ ಮೂರು ತಿಂಗಳದಾಗ ಒಂದ ಐತವಾರನೂ ತಪ್ಪಿಸದ ನಮ್ಮ ಮನಿಗೆ ಬಂದೀರಿ. ಅವ್ವ ಚಾ ಕೊಡ್ತಾಳ, ಕುಡೀತೀರಿ, ಗ್ವಾಡಿ ನೋಡ್ಕೋತ ಕೂಡ್ತೀರಿ, ಎದ್ದು ಹೋಗ್ತೀರಿ. ನಾ ಫೋನ್ ಮಾಡಿದ್ರ "ಹೂಂ" ಅಂತೀರಿ, ಮುಂದ ಬರೇ ಉಸಿರಾಡೂದು ಕೇಳಸ್ತದ. ಬಾಯಿಲೆ ಆಗದಿದ್ರ ಕೈಲೆ ಬರೀರಿ. ನನ್ನ ಸಾಲಿ ಅರ್ಜಿ ಎಲ್ಲಾ ನೀವ ಬರಕೊಟ್ಟವರು. ನನ್ನ ಕನ್ನಡ ಅಕ್ಷರ ಅಪ್ಪ ಕಲಿಸಿದ್ದಷ್ಟ, ತಪ್ಪಿದ್ರ ತಿದ್ದಿಕೊಂಡು ಓದ್ರಿ.

ನಾ ಕೇಳೂದು ಒಂದ. ವ್ಯಾಪಾರಿ ಮಂಡಳದ ಏಪ್ರಿಲ್ ಸಭಾದಾಗ ನೀವ್ಯಾಕ ಸುಮ್ಮ ಕುಂತ್ರಿ?

ನಾ ಅವತ್ತ ಇರಲಿಲ್ಲ, ರಜಾ ಸಿಗಲಿಲ್ಲ. ಅವ್ವ ಬಾಗಲದಾಗ ನಿಂತಿದ್ದಳು. ಅಪ್ಪ ಇಪ್ಪತ್ತಾರು ವರ್ಷ ಹಮಾಲಿ ಮಾಡಿದ ಗಾಳಾದ, ಅಡತಿ ಅಂಗಡಿಯ ಮಾಲಕ ಈರಣ್ಣ, ವ್ಯಾಪಾರಿ ಮಂಡಳದ ಅಧ್ಯಕ್ಷನೂ ಅವನ, ಎದ್ದು ಕಾಗದ ಓದಿದನಂತ. ಹಮಾಲ ರಾಮಲಿಂಗಪ್ಪ ದಾರೂ ಕುಡದು ಒಂದರ ಮ್ಯಾಲೆ ಒಂದು ಒಟ್ಟಿದ ಮೆಣಸಿನಕಾಯಿ ಚೀಲದ ನಿಟ್ಟಿಗೆ ಕೈ ಹಾಕಿದ, ನಿಟ್ಟು ಮೈಮ್ಯಾಲೆ ಬಿತ್ತು, ಸತ್ತ. ಎಲ್ಲಾ ಮರಾಠಿಯೊಳಗ. ಅವ್ವಗ ತಿಳದದ್ದು ಎರಡ ಶಬ್ದ: ರಾಮಲಿಂಗಪ್ಪ, ದಾರೂ. ಆಮ್ಯಾಲೆ ಈರಣ್ಣ ಹರಾಜು ಲಿಲಾವಿನಾಗ ಕೇಳಿದಂಗ ಕೇಳಿದ, ಯಾರದರ ಹರಕತ್ತು, ತಕರಾರು ಅದ ಏನು, ಒಂದ ಸಲ, ಎರಡ ಸಲ, ಮೂರ ಸಲ. ಮಾಲು ಬಿಟ್ಟಂಗ ನಮ್ಮಪ್ಪನ್ನ ಬಿಟ್ರು. "ಯಾರದೂ ಹರಕತ್ತಿಲ್ಲ" ಅಂತ ಕೆಳಗ ಬರದಾರ, ನಕಲು ತರಸಿ ನೋಡೀನಿ.

ಅಪ್ಪ ಕುಡೀತಿದ್ದನೇನು? ಅವರಪ್ಪ ಕುಡದು ಸತ್ತದ್ದು ನೋಡಿ, ಕೆಮ್ಮಿನ ಔಷಧಾನೂ ಮೂಸಿ ನೋಡಿ ಕುಡಿಯಾವ. ಹೆಣ ಕೊಯ್ಯೂದು ಬ್ಯಾಡ ಅಂತ ಅವ್ವನ ಕಡೆ ಸಹಿ ಮಾಡಿಸಿಕೊಂಡ್ರು, ಹಿಂಗಾಗಿ ತೋರಸಾಕ ನಮ್ಮ ಹತ್ರ ಏನೂ ಇಲ್ಲ. ಅಪ್ಪ ಸತ್ತ ದಿನ ಸುತ್ತ ನಿಂತವರೆಲ್ಲಾ ಕೊಳ್ಳಾಕ ಬಂದವರು, ಅವರಿಗೆ ಅಪ್ಪನ ಹೆಸರೂ ಗೊತ್ತಿಲ್ಲ. ಬಲ್ಲವರು, ಅಪ್ಪನ ಗೆಳ್ಯಾ ಅಂದ್ರ ನೀವೊಬ್ರು. ನಾಕ ಮೊಳ ದೂರ ನಿಂತು ನೀವ ಈರಣ್ಣನ ಮಾಲಿಂದು ಲಿಲಾವು ಒದರತಿದ್ರಿ.

ಅವ್ವ ಸೋಮವಾರದ ಭಜನಿ ಬಿಟ್ಟಾಳ. ಯಾರೋ "ಕುಡಕನ ಹೇಂತಿ" ಅಂದ್ರಂತ. ಸಪ್ಟಂಬರದಾಗ ವರ್ಷದ ಸಭಾ ಅದ, ಅಲ್ಲಿ ಆ ಕಾಗದ ಪಕ್ಕಾ ಆಗ್ತದ. ಅಷ್ಟರಾಗ ಒಬ್ಬರರ ಎದ್ದು ಇದು ಸುಳ್ಳ ಅನ್ನಬೇಕು. ದಿನಾ ಇನ್ನೂರು ಮಂದಿ ಮುಂದ ಗಂಟಲ ಹರಕೋಳಾವರಿಗೆ ಒಂದ ಮಾತು ಯಾಕ ಬರಲಿಲ್ಲ ಅಂತ ನನಗ ತಿಳೀಬೇಕು.

ಶಿವಾನಿ


ಗುಲ್ಟೇಕಡಿ
16 ಜೂನ್ 2024

ಚಿ. ಶಿವಾನಿಗೆ ಆಶೀರ್ವಾದ.

ನಿನ್ನ ಪತ್ರ ಹತ್ತು ದಿನದಿಂದ ಅಂಗಿ ಕಿಸೆದಾಗ ಅದ. ಬೆವರಿಗೆ ಅರ್ಧ ಅಳಸೇದ, ಆದ್ರ ಬಾಯಿಪಾಠ ಆಗಿ ಹೋಗೇದ. ನೀ ಬೈದದ್ದು ಕಡಿಮಿನ ಆತು.

ನಿನಗ ಒಂದು ಕಥಿ ಹೇಳ್ತೀನಿ, ನಗು ಬಂದ್ರ ನಕ್ಕುಬಿಡು. ಹದಿನೈದು ವರ್ಷದ ಹಿಂದ, ನಮ್ಮ ಕನ್ನಡ ಮಂದಿ ಸಂಘದಾಗ ರಾಜ್ಯೋತ್ಸವ. ಕಡೀಕ ಆಭಾರ ಮನ್ನಿಸೂದು, ವಂದನಾರ್ಪಣಿ, ನನ್ನ ಪಾಲಿಗೆ ಬಂತು. ಎರಡ ನಿಮಿಷದ ಕೆಲಸ. ನಾಕ ದಿನ ಕಂಠಪಾಠ ಮಾಡಿದ್ದೆ. ಮೈಕ್ ಮುಂದ ನಿಂತೆ ನೋಡು, ಎಲ್ಲಾ ಮಾರಿ ನನ್ನ ಕಡೆ ಹೊಳ್ಳಿದ್ವು. ನಾಲಿಗಿ ಅಂಗುಳಕ್ಕ ಹತ್ತಿತು. ಆಗ ಈ ಸುಡಗಾಡ ಬಾಯಿ ತನಗ ಬರೂ ಒಂದ ಕೆಲಸ ಮಾಡಿತು. "ಬೋಲಾ ಬೋಲಾ ಬೋಲಾ!" ಅಂತ ಲಿಲಾವು ಸುರು ಮಾಡಿದೆ. ಸಭಾಕ್ಕ ಸಭಾನ ಹೊಟ್ಟಿ ಹಿಡಕೊಂಡು ನಕ್ತು. ಒಬ್ಬಾವ ಎದ್ದು ಅಧ್ಯಕ್ಷರಿಗೇ ರೇಟ್ ಹಚ್ಚಿದ. ನಾನೂ ನಕ್ಕೆ. ಹೊರಗ ಬಂದು ಚಪ್ಪಲಿ ಹುಡಕೂ ನೆವ ಮಾಡಿ ಅತ್ತೆ. ನಿಮ್ಮಪ್ಪ ಹಿಂದ ಬಂದು "ಕಾಲಾಗ ಅವ ಅಲ್ಲೋ ಮಾರಾಯಾ" ಅಂದ. ನಗದಿದ್ದಾವ ಅವ ಒಬ್ಬನ.

ಲಿಲಾವಿನಾಗ ಅಂಜಿಕಿ ಯಾಕ ಬರೂದಿಲ್ಲ ಅಂತ ನಾನೂ ಭಾಳ ವಿಚಾರ ಮಾಡೀನಿ. ಅಲ್ಲಿ ನನ್ನ ಯಾರು ನೋಡ್ತಾರವಾ? ಎಲ್ಲಾರ ಕಣ್ಣು ಮೆಣಸಿನಕಾಯಿ ಮ್ಯಾಲೆ. ಬಣ್ಣ ನೋಡ್ತಾರ, ಮುರದು ಮೂಸ್ತಾರ. ನಾ ಒದರಿದ್ದು ಮಾಲಿಂದ, ನಂದಲ್ಲ. ಬಸವಲಿಂಗ ಅನ್ನಾವ ಅಲ್ಲಿ ಇದ್ರೂ ನಡೀತದ, ಇಲ್ಲದಿದ್ರೂ ನಡೀತದ. ಸಭಾದಾಗ ಎದ್ದ ನಿಂತ್ರ ಬಸವಲಿಂಗನ ಬೇಕಾಗ್ತಾನ. ಅವ ನನಗ ಸಿಗೂದಿಲ್ಲ.

ಏಪ್ರಿಲದಾಗ ನಾ ಏಳಲಿಲ್ಲ ಅಂತ ತಿಳೀಬ್ಯಾಡ. ಎರಡ ಸಲ ಅಂದಾಗ ಖುರ್ಚಿ ಹಿಡಕೊಂಡು ಅರ್ಧ ಎದ್ದಿದ್ದೆ. ಈರಣ್ಣ ನನ್ನ ಕಡೆ ನೋಡಿ, "ಏನ್ ಬಸಣ್ಣ, ನೀರು ಬೇಕೇನು?" ಅಂದ. ಕುಂತಬಿಟ್ಟೆ. ನೀರು ತಂದು ಕೊಟ್ರು, ಕುಡದೆ.

ಬಸವಲಿಂಗ


ಖರಾಡಿ
20 ಜೂನ್ 2024

ಬಸವಲಿಂಗ ಅವರಿಗೆ,

ನಾ ನಗಲಿಲ್ಲ. ನೀರು ಕುಡದೆ ಅಂತ ಬರದೀರಲ್ಲ, ಅಲ್ಲಿ ಪತ್ರ ಹರದ ಒಗೀಬೇಕು ಅನಿಸ್ತು. ಸಿಟ್ಟು ಇನ್ನೂ ಹಂಗ ಅದ.

ಆದ್ರ ನಿಮ್ಮ ಬ್ಯಾನಿ ಯಾವುದು ಅಂತ ನನಗ ಗೊತ್ತದ. ನನ್ನ ನೌಕರಿನ ಅದು. ಕಂಪನಿಗೆ ಹೊಸದಾಗಿ ಸೇರಿದವರಿಗೆ ನಾಕ ಮಂದಿ ಮುಂದ ಮಾತಾಡೂದು ಕಲಸ್ತೀನಿ. ದೊಡ್ಡ ದೊಡ್ಡ ಡಿಗ್ರಿ ಮಾಡಿದವರು, ಎದ್ದ ನಿಂತ್ರ ಕೈ ನಡಗ್ತಾವ. ನಾನೂ ಹಂಗ ಇದ್ದಾಕಿ. ಕಾಲೇಜಿನ್ಯಾಗ ನನ್ನ ಪಾಳಿ ಬಂದಾಗ ಸಂಡಾಸಿನೊಳಗ ಹೋಗಿ ಚಿಲಕ ಹಾಕ್ಕೊಂಡಿದ್ದೆ. ಅಪ್ಪಗ ತಿಳೀತು. ಬೈಲಿಲ್ಲ. ಸೂಟಿ ದಿವಸ ಗಾಳಾಕ್ಕ ಕರಕೊಂಡು ಹೋಗಿ ಚೀಲದ ಮುಂದ ನಿಂದ್ರಿಸಿ, "ಇವಕ್ಕ ಹೇಳು, ಇವು ನಗೂದಿಲ್ಲ" ಅಂದ. ಘಾಟಿಗೆ ಸೀನಕೋತ ಸೀನಕೋತ ಭಾಷಣ ಮಾಡಿದೆ. ಆಮ್ಯಾಲೆ ತಾ ಒಬ್ಬ ಚೀಲದ ಮ್ಯಾಲೆ ಕುಂತ. ಮರುವಾರ ಇಬ್ಬರು ಹಮಾಲರನ್ನ ಕರಕೊಂಡು ಬಂದ. ಒಂದು ಅಕ್ಷರ ಇಂಗ್ಲಿಷ್ ತಿಳೀತಿರಲಿಲ್ಲ ಅವರಿಗೆ, ಚಪ್ಪಾಳಿ ಹೊಡದ್ರು.

ಕೇಳ್ರಿ ಇಲ್ಲಿ. ಕಂಠಪಾಠ ಬ್ಯಾಡ, ಒಂದ ಶಬ್ದ ಮರತ್ರ ಎಲ್ಲಾ ಹೋಗ್ತದ. ಎದ್ದ ಕೂಡ್ಲೆ ಬಾಯಿ ತಗೀಬ್ಯಾಡ್ರಿ. ಪಾದ ನೆಲಕ್ಕ ಹತ್ಯಾವೇನು ನೋಡ್ರಿ, ಉಸಿರು ಹೊರಗ ಬಿಡ್ರಿ, ಆಮ್ಯಾಲೆ ಮಾತು. ನಡಗಿದ್ರ ನಡಗಲಿ. ಅಂಜಿಕಿ ಹೋದ ಮ್ಯಾಲೆ ಮಾತಾಡ್ತೀನಿ ಅಂತ ಕುಂತವರು ಕುಂತ ಇರ್ತಾರ. ಅಂಜಿಕೊಂತನ ಮಾತಾಡಬೇಕು. ಮೊದಲ ಒಬ್ಬರಿಗೆ ಹೇಳ್ರಿ, ಆಮ್ಯಾಲೆ ಮೂವರಿಗೆ, ಆಮ್ಯಾಲೆ ಹತ್ತು ಮಂದಿಗೆ. ಹೇಳೂದು ಇಷ್ಟ: "ರಾಮಲಿಂಗಪ್ಪ ಕುಡದಿರಲಿಲ್ಲ. ನಾ ಅಲ್ಲೇ ಇದ್ದೆ."

ಇದು ನಿಮ್ಮ ಮ್ಯಾಲಿನ ಪ್ರೀತಿಗೆ ಬರದದ್ದಲ್ಲ. ನನಗ ನಿಮ್ಮ ಬಾಯಿ ಬೇಕಾಗೇದ.

ಶಿವಾನಿ


ಗುಲ್ಟೇಕಡಿ
28 ಜುಲೈ 2024

ಚಿ. ಶಿವಾನಿಗೆ,

ನಿನ್ನ ಸಾಲಿಗೆ ಹೆಸರು ಹಚ್ಚೀನಿ, ಈ ವಯಸ್ಸಿನ್ಯಾಗ.

ಮೊದಲ ಚಾದಂಗಡಿ ಅವ್ವಣ್ಣಗ ಹೇಳಿದೆ. "ರಾಮಲಿಂಗಪ್ಪ ಕುಡದಿರಲಿಲ್ಲ" ಅಂದ್ರ ಅವ "ಸಕ್ರಿ ಕಡಿಮಿ ಹಾಕಲೇನು?" ಅಂದ. ನನ್ನ ದನಿ ಅಷ್ಟು ಸಣ್ಣದಾಗಿತ್ತು. ಮತ್ತೊಮ್ಮೆ ಹೇಳಿದೆ. ಅವ ಗ್ಲಾಸು ತೊಳಿಯೂದು ಬಿಟ್ಟು ನನ್ನ ಮಾರಿ ನೋಡಿದ. "ಈಗ ಹೇಳ್ತಿ?" ಅಂದ. ಅಷ್ಟ. ಅವತ್ತ ಚಾದ ರೊಕ್ಕ ತಗೋಲಿಲ್ಲ, ಸಿಟ್ಟಿಗೋ ಪ್ರೀತಿಗೋ ಗೊತ್ತಾಗಲಿಲ್ಲ.

ಐತವಾರ ನಿಮ್ಮ ಮನ್ಯಾಗ ನಿಮ್ಮವ್ವ ಪಾರವ್ವಗೂ ಹೇಳಿದೆ. ಅಕಿ ಅಕ್ಕಿ ಆರಿಸಕತ್ತಿದ್ದಳು. "ಅದು ನನಗ ಗೊತ್ತದ. ನನಗ್ಯಾಕ ಹೇಳ್ತಿ, ಅವರಿಗೆ ಹೇಳು" ಅಂದಳು. ತಲಿ ಎತ್ತಲಿಲ್ಲ.

ಮೊನ್ನೆ ಊಟದ ಹೊತ್ತಿಗೆ ಹತ್ತು ಮಂದಿ ಹಮಾಲರು ಬುತ್ತಿ ಬಿಚ್ಚಿ ಕುಂತಿದ್ರು. ಪಾದ ನೋಡಿಕೊಂಡೆ, ಉಸಿರು ಬಿಟ್ಟೆ. ಹೇಳಿದೆ ನೋಡು! ಮಾತು ಪೂರಾ ಬಂತು. ಎಲ್ಲಾರೂ ರೊಟ್ಟಿ ಕೈಯಾಗ ಹಿಡಕೊಂಡು ನನ್ನ ಕಡೆ ಹೊಳ್ಳಿದ್ರು. ಒಬ್ಬ ಮುದುಕ ಕಣ್ಣು ಒರಸಿಕೊಂಡ. ಎಷ್ಟು ವರ್ಷದ ಭಾರ ಇಳೀತೋ ಏನೋ, ನನಗ ಅಲ್ಲೇ ಕುಂತು ಉಣಬೇಕು ಅನಿಸ್ತು.

ಅಷ್ಟರಾಗ ಒಬ್ಬ ಕೇಳಿದ. "ಕುಡದಿರಲಿಲ್ಲ ಅಂದ್ರ ಅಷ್ಟು ಶಾಣ್ಯಾ ಹಮಾಲ ತಳದ ಚೀಲಕ್ಕ ಯಾಕ ಕೈ ಹಾಕಿದ? ತಳದ್ದು ಎಳದ್ರ ನಿಟ್ಟು ಬೀಳ್ತದ ಅಂತ ಹೊಸಬರಿಗೂ ತಿಳೀತದ." ನಾ ಬಾಯಿ ತಗದೆ. ನಾಲಿಗಿ ಮತ್ತ ಅಂಗುಳಕ್ಕ ಹತ್ತಿತು. ಕೆಲಸದ ನೆವ ಹೇಳಿ ಎದ್ದು ಬಂದೆ.

ಬಸವಲಿಂಗ


ಖರಾಡಿ
19 ಆಗಸ್ಟ್ 2024

ಪ್ರೀತಿಯ ಬಸವಲಿಂಗ ಕಾಕಾಗ,

ಹತ್ತು ಮಂದಿ ಮುಂದ ಹೇಳಿದ್ರಿ! ಪತ್ರ ಓದಿ ಆಫೀಸಿನ್ಯಾಗ ಎಲ್ಲಾರ ಮುಂದ ಅತ್ತೆ. ನನ್ನ ಕ್ಲಾಸಿನ ಹುಡುಗರಿಗೆ ನಿಮ್ಮ ಹೆಸರು ಹೇಳದ ನಿಮ್ಮ ಕಥಿ ಹೇಳ್ತೀನಿ ಈಗ.

ಆ ಹಮಾಲ ಕೇಳಿದ ಪ್ರಶ್ನಿಗೆ ತಲಿ ಕೆಡಿಸಿಕೋಬ್ಯಾಡ್ರಿ. ಅಪ್ಪ ಯಾಕ ಕೈ ಹಾಕಿದ ಅಂತ ಹೇಳೂದು ನಿಮ್ಮ ಕೆಲಸ ಅಲ್ಲ. ನಿಮ್ಮ ಮಾತು ಹೇಳ್ರಿ, ಕೂಡ್ರಿ. ನಾ ಕಲಿಸೂದರಾಗ ಇದೂ ಒಂದು: ಕೇಳಿದ್ದಕ್ಕೆಲ್ಲಾ ಉತ್ತರ ಕೊಡಬೇಕಂತ ಇಲ್ಲ.

ಸಭಾ ಸಪ್ಟಂಬರ್ ಇಪ್ಪತ್ತೆರಡಕ್ಕ ಅದ. ಸತ್ತವರ ಮನಿಯವರಿಗೆ ಕೂಡಾಕ, ಹರಕತ್ತು ಹೇಳಾಕ ಹಕ್ಕು ಅದ ಅಂತ ಅರ್ಜಿ ಕೊಟ್ಟು ಒಪ್ಪಿಗಿ ತಗೊಂಡೀನಿ. ನಾನೂ ಅವ್ವನೂ ಮುಂದಿನ ಸಾಲಿನ್ಯಾಗ ಇರ್ತೀವಿ. ನೀವು ಎದ್ದ ಮ್ಯಾಲೆ ಬೇಕಾದ್ರ ನಾನೂ ಏಳ್ತೀನಿ. ನನ್ನ ಬಾಯಿ ಮುಚ್ಚಾಕ ಈರಣ್ಣನ ಕೈಲೆ ಆಗೂದಿಲ್ಲ.

ಅವ್ವ ಹೋದ ಸೋಮವಾರ ಭಜನಿಗೆ ಹೋಗಿ ಬಂದಳು. ಬಸಣ್ಣ ಹೇಳ್ತಾನಂತ, ಬಸಣ್ಣ ಹೇಳ್ತಾನಂತ ಅಂತ ಓಣಿ ತುಂಬ ಸಾರ್ಯಾಳ. ಈ ಪತ್ರದ ಜೋಡಿ ಶೇಂಗಾ ಹೋಳಿಗಿ ಕಳಿಸ್ಯಾಳ, ಮುರಿದಿದ್ರ ಬೈಬ್ಯಾಡ್ರಿ.

ನಿಮ್ಮ
ಶಿವಾನಿ


ಗುಲ್ಟೇಕಡಿ
18 ಸಪ್ಟಂಬರ್ 2024

ಶಿವಾನಿ,

ನಿನ್ನೆ ಗಣಪತಿ ಕಳಿಸಿ ಬಂದೀವಿ, ಡೋಲಿನ ಸಪ್ಪಳಕ್ಕ ಕಿವಿ ಇನ್ನೂ ಗುಂಯ್ ಅಂತಾವ. ಅದರಾಗ ಒಂದ ಸಮಾಧಾನ ಇತ್ತು, ಯಾರಿಗೂ ಏನೂ ಹೇಳೂದು ಬೇಕಾಗಿರಲಿಲ್ಲ.

ನೀ ಐತವಾರ ಬರಬ್ಯಾಡವಾ. ಪಾರವ್ವನ್ನೂ ಕರಕೊಂಡು ಬರಬ್ಯಾಡ. ನಾ ಏಳ್ತೀನಿ, ಹೇಳ್ತೀನಿ, ಆಣಿ ಮಾಡಿ ಹೇಳ್ತೀನಿ. ನಿಮ್ಮಿಬ್ಬರ ಮುಂದ ಮಾತ್ರ ನನಗ ಆಗೂದಿಲ್ಲ. ನೀ ಭಾಳ ಚಲೋ ಕಲಿಸಿದಿ. ಮೊದಲ ನನ್ನ ಬಾಯಿ ತಗಿತಿರಲಿಲ್ಲ. ಈಗ ತಗದ್ರ ಒಂದ ಮಾತಿಗೆ ನಿಂದ್ರತದೋ ಇಲ್ಲೋ ಅಂತ ಅಂಜಿಕಿ ಹತ್ತೇದ.

ಹೋಳಿಗಿ ತಿನ್ನಲಿಲ್ಲ.

ಬಸವಲಿಂಗ


ಖರಾಡಿ
29 ಸಪ್ಟಂಬರ್ 2024

ಬಸವಲಿಂಗ ಅವರಿಗೆ,

ನೀವು ಬ್ಯಾಡ ಅಂದ್ರೂ ನಾವು ಬಂದ್ವಿ. ಯಾಕ ಬ್ಯಾಡ ಅಂದ್ರಿ ಅಂತ ಈಗ ತಿಳೀತು.

ನೀವು ಹೇಳಿದ್ದು ಸಭಾದ ಪುಸ್ತಕದಾಗ ಬರದಿಲ್ಲ. ನಾನರ ಬರದ ಇಡ್ತೀನಿ, ತಪ್ಪಿದ್ರ ತಿದ್ರಿ. ನೀವು ಎದ್ರಿ, ಬಗ್ಗಿ ಪಾದ ನೋಡಿಕೊಂಡ್ರಿ. ಮರಾಠಿಯೊಳಗ ಅಂದ್ರಿ: "ರಾಮಲಿಂಗಪ್ಪ ಕುಡದಿರಲಿಲ್ಲ. ನಾ ಅಲ್ಲೇ ಇದ್ದೆ." ಅಲ್ಲಿಗೆ ಕೂಡಬೇಕಾಗಿತ್ತು. ನಾ ಕಣ್ಣಿಲೆ ಕೂಡ್ರಿ ಕೂಡ್ರಿ ಅಂದೆ. ನೀವು ನಿಂತ ಇದ್ರಿ. "ಕೊಳ್ಳಾವ್ರು ತಳದ ಮಾಲು ತೋರಸು ಅಂದ್ರು. ರೇಟ್ ಏರಕತ್ತಿತ್ತು. ನಿಟ್ಟು ಇಳಿಸಿ ತೋರಸಬೇಕಂದ್ರ ಲಿಲಾವು ನಿಲ್ಲಸಬೇಕು. ನಾ ನಿಲ್ಲಸಲಿಲ್ಲ. ತಳದ್ದು ಎಳಿ ಅಂತ ಒದರಿದೆ. ಅವ ನನ್ನ ಕಡೆ ಹೊಳ್ಳಿ ಏನೋ ಅಂದ. ನಾ ಇನ್ನೊಮ್ಮೆ ಎಳಿಯೋ ಅಂತ ಒದರಿದೆ. ಎಳದ."

ಇಷ್ಟ ಅಂದ್ರಿ. ದನಿ ನಡಗಲಿಲ್ಲ.

ಈರಣ್ಣ ಕುಂತಲ್ಲೇ ಹೇಳಿದ. ಬಸಣ್ಣ ಕುಡದು ಬಂದಾನ, ವಾಸನಿ ಬರಾಕತ್ತೇದ, ಇವನ ಮಾತು ಬರಕೋಬ್ಯಾಡ್ರಿ, ಯಾರದರ ಹರಕತ್ತು ಅದ ಏನು? ಒಂದ ಸಲ.

ನಿಮ್ಮ ಬಾಜೂಕ ನಾ ಇದ್ದೆ. ನಿಮ್ಮ ಮೈಗೆ ಬರೇ ಮೆಣಸಿನಕಾಯಿ ವಾಸನಿ ಇತ್ತು. ಅಷ್ಟ ಎದ್ದು ಹೇಳಿದ್ರ ಸಾಕಾಗಿತ್ತು. ದಿನಾ ಇದನ್ನ ಕಲಿಸಾಕಿ ನಾ. ಎರಡ ಸಲ ಅಂದ. ನನಗ ಪಾದ ಎಲ್ಲಿ ಅವ ಅಂತನೂ ತಿಳೀಲಿಲ್ಲ. ನಾಲಿಗಿ ಅಂಗುಳಕ್ಕ ಹತ್ತೂದು ಅಂದ್ರ ಏನು ಅಂತ ನೀವು ಬರದಾಗ ಓದಿದ್ದೆ, ಅವತ್ತ ಗೊತ್ತಾತು. ಸಿಟ್ಟೋ, ಅಂಜಿಕಿನೋ, ನಿಮ್ಮನ್ನ ಕುಡಕ ಅಂದದ್ದು ಚಲೋ ಆತು ಅಂತ ಒಳಗ ಎಲ್ಲೋ ಅನಿಸ್ತೋ, ದೇವರಾಣಿ ನನಗ ಗೊತ್ತಿಲ್ಲ. ಮೂರ ಸಲ ಅಂದ. ನಾ ಕುಂತ ಇದ್ದೆ.

ಹೊರಗ ಬಂದ ಮ್ಯಾಲೆ ಮರಾಠಿ ತಿಳೀದ ಅವ್ವ ಕೇಳಿದಳು, ಬಸಣ್ಣ ಏನಂದ? "ಅಪ್ಪ ಕುಡದಿರಲಿಲ್ಲ ಅಂದ" ಅಂದೆ. ಮುಂದಿಂದು ನುಂಗಿದೆ. ಅಕಿ ನಿಮ್ಮ ಹೆಸರಿಲೆ ದೀಪ ಹಚ್ಯಾಳ. ದಿನಾ ಹಚ್ಚತಾಳ. ನಾ ನೋಡ್ಕೋತ ನಿಂದರ್ತೀನಿ.

ನಾನ ನಿಮಗ ಮಾತಾಡೂದು ಕಲಿಸಿದೆ. ನನ್ನಪ್ಪನ್ನ ಕೊಂದದ್ದು ನಿಮ್ಮ ಬಾಯಿ ಅಂತ ಗೊತ್ತಿದ್ರ ಒಂದ ಅಕ್ಷರ ಬರೀತಿರಲಿಲ್ಲ.

ಶಿವಾನಿ


ಗುಲ್ಟೇಕಡಿ
20 ಅಕ್ಟೋಬರ್ 2024

ಶಿವಾನಿಗೆ,

ನೀ ಬರದದ್ದು ಎಲ್ಲಾ ಬರೋಬರಿ ಅದ. ಒಂದ ಅಕ್ಷರ ತಿದ್ದೂದಿಲ್ಲ.

ನನಗ ಅಂಜಿಕಿ ಇದ್ದದ್ದು ಖರೆ, ಹದಿನೈದು ವರ್ಷದಿಂದ ಅದ. ಆದ್ರ ಏಪ್ರಿಲದಾಗ ಅದರ ಹಿಂದ ಅಡಗಿ ಕುಂತೆ ಅನ್ನೂದೂ ಖರೆ. ಕುಡದಿರಲಿಲ್ಲ ಅಂದ್ರ ಯಾಕ ಎಳದ ಅಂತ ಕೇಳ್ತಾರ, ಅದಕ್ಕ ಉತ್ತರ ನಾನ. ನಿನಗ ಇದನ್ನ ಮೊದಲ ಬರೀಬೇಕಾಗಿತ್ತು. ಬರಿಯಾಕ ಕುಂತೆ, ಮೂರು ಸಲ ಹರದೆ. ಕೈಯಿಗೂ ಅಂಜಿಕಿ ಬರ್ತದ ಅಂತ ಆಗ ತಿಳೀತು.

ನನ್ನ ಕೆಲಸ ಹೋತು. ನವ್ಹಂಬರ್ ಹನ್ನೆರಡಕ್ಕ ಸರಕಾರದ ಕಾರ್ಮಿಕ ಅಧಿಕಾರಿ ನಿಮ್ಮಪ್ಪನ ಸಾವಿಂದು ವಿಚಾರಣಿ ಇಟ್ಟಾರ. ಈರಣ್ಣ ಮನಿಗೆ ಬಂದಿದ್ದ. ಸಭಾಕ್ಕ ಕುಡದು ಬಂದಿದ್ದೆ ಅಂತ ಬರಕೊಡು, ಕೆಲಸ ಹೊಳ್ಳಿ ಕೊಡ್ತೀನಿ, ನಿನ್ನ ಮ್ಯಾಲೆ ಪೋಲೀಸ್ ಕೇಸೂ ಆಗೂದಿಲ್ಲ ಅಂದ. ಬರಕೊಡಲಿಲ್ಲ. ಆದ್ರ ನಾ ಕುಡದಿರಲಿಲ್ಲ ಅಂತ ನಾನ ಹೇಳಿದ್ರ ಯಾರು ನಂಬ್ತಾರ? ಕುಡಕನ ಮಾತು ಅಂದ್ರ ನಿಮ್ಮಪ್ಪನೂ ಕುಡಕನಾಗೇ ಉಳೀತಾನ. ನಿನಗ ಬಾ ಅನ್ನೂ ಮಾರಿ ನನಗಿಲ್ಲ. ತಾರೀಖು ತಿಳಿಸೀನಿ ಅಷ್ಟ.

ಪಾರವ್ವಗ ಹೇಳು. ಆ ದೀಪ ಆರಸು.

ಬಸವಲಿಂಗ


ಖರಾಡಿ
14 ನವ್ಹಂಬರ್ 2024

ಬಸವಲಿಂಗ ಅವರಿಗೆ,

ಮೊನ್ನೆ ವಿಚಾರಣಿಯೊಳಗ ನೀವು ನನ್ನ ಕಡೆ ನೋಡಲಿಲ್ಲ, ಚಲೋ ಆತು. ನೋಡಿದ್ರ ನನಗ ಆಗ್ತಿರಲಿಲ್ಲ. ಇದ್ದವರು ಹನ್ನೆರಡ ಮಂದಿ. ನಾ ಸಾವಿರ ಮಂದಿ ಮುಂದ ಮಾತಾಡಿದಾಕಿ, ಮೇಜು ಹಿಡಕೊಂಡು ನಿಂತಿದ್ದೆ. ನೀವು ಕೇಳಿದ್ರಿ, ಆದ್ರೂ ಬರೀತೀನಿ. "ಬಸವಲಿಂಗ ಕುಡದಿರಲಿಲ್ಲ. ನಾ ಬಾಜೂಕ ಕುಂತಿದ್ದೆ. ಸಭಾದಾಗ ಹೇಳಬೇಕಾಗಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು."

ಅಧಿಕಾರಿ ಅಪ್ಪನ ಹೆಸರಿನ ಮುಂದಿನ ದಾರೂ ಅನ್ನೂ ಮಾತು ತಗದ ಹಾಕಿಸಿದ್ರು. ನಿಮ್ಮ ಹೇಳಿಕಿ ಪೋಲೀಸರಿಗೆ ಹೋಗೇದ. ನಿಮಗ ಗೊತ್ತಿದ್ದ ಹೇಳೀರಿ, ಅದಕ್ಕ ನಾ ನಿಮಗ ಸಮಾಧಾನ ಹೇಳೂದಿಲ್ಲ. ಕ್ಷಮಾ ಮಾಡೀನಿ ಅಂತ ತಿಳೀಬ್ಯಾಡ್ರಿ. ನಿಮ್ಮ ದನಿ ನೆನಪಾದ್ರ ಇನ್ನೂ ಮೈ ಉರೀತದ.

ಅವ್ವಗ ಎಲ್ಲಾ ಹೇಳಿದೆ. ಅಳತಾಳ, ಬೈತಾಳ ಅಂತ ತಯಾರಾಗಿ ಕುಂತಿದ್ದೆ. ಅಕಿ ಒಂದ ಕೇಳಿದಳು. "ನಿಮ್ಮಪ್ಪ ಹೊಳ್ಳಿ ಏನೋ ಅಂದ ಅಂದ್ಯಲ್ಲ. ಏನಂದ?" ನನಗ ಗೊತ್ತಿಲ್ಲ ಅಂದೆ, ಗದ್ದಲದಾಗ ಅವರಿಗೂ ಕೇಳಿಸಿರಲಿಕ್ಕಿಲ್ಲ ಅಂದೆ. "ಬಸಣ್ಣಗ ಕೇಳಿಸೇದ. ಕೇಳಿಸದಿದ್ರ ಅವ ಹಿಂಗ ಸೊರಗತಿರಲಿಲ್ಲ" ಅಂದಳು. ಎರಡ ದಿನ ಆತು, ಅದನ್ನ ಕೇಳ್ತಾಳ. ನನ್ನ ಗಂಡನ ಕಡೀ ಮಾತು ಅವನ ಹತ್ರ ಅದ, ಅದು ನಂದು, ನನಗ ಬೇಕು ಅಂತಾಳ.

ಪತ್ರ ಬರೀಬ್ಯಾಡ್ರಿ. ಅವ್ವಗ ಓದಾಕ ಬರೂದಿಲ್ಲ, ನಾ ಓದಿ ಹೇಳೂದಿಲ್ಲ. ಬಂದು ಅಕಿ ಮುಂದ ಹೇಳ್ರಿ.

ಶಿವಾನಿ